ವರ್ನಾ ಅತ್ತೆಯ ಚೀಟಿ

ಈ ಸಲ ವಯೋಮಿಂಗಿನ ಲಾಟರಿಯಲ್ಲಿ ಬೇಟೆಚೀಟಿ ಎದ್ದದ್ದು
ವರ್ನಾ ಅತ್ತೆಗೊಬ್ಬಳಿಗೇ. ಮಂಡಿ ಸವೆದವಳು.
ಅಪ್ಪ, ಕ್ಲೈಡ್ ಮಾವ, ಪಕ್ಕದ ರ್‍ಯಾಂಚಿನ ಒರಿನ್
ಅವಳ ಪರವಾಗಿ ಜಿಂಕೆ ಹುಡುಕುತ್ತ
ನಸುಕಿಗೇ ದಿಬ್ಬ ಹತ್ತಿದರು.

ಪಿಕಪ್ಪಿನಲ್ಲಿ ನಾವಿಬ್ಬರು,
ಫ್ಲಾಸ್ಕಿನ ಕಾಫಿ,
ಗಾಜಿನ ಮೇಲೆ ನಮ್ಮದೇ ಉಸಿರು.
ತೋಳಿನಿಂದ ಒರೆಸಿದೆ:
ಹೇಸರಗತ್ತೆಯ ಕಿವಿ ಕಡ ತಂದಂಥ ಗಂಡುಜಿಂಕೆ
ಬಂಪರಿನ ಉಪ್ಪು ನೆಕ್ಕುತ್ತಿದೆ,
ಕೊಂಬಿಗೆ ಸಿಕ್ಕಿದ ಸೇಜ್ ಕಡ್ಡಿ ಅಲ್ಲಾಡುತ್ತಿದೆ.

ಬಂದೂಕು ಅವಳ ಕಾಲ ಬಳಿಯೇ ಇತ್ತು.
"ರಸ್ತೆಯಿಂದ ಹೊಡೆಯಬಾರದು, ಕಾನೂನು"
ಎಂದು ಪಿಸುಗುಟ್ಟಿ
ಕಾಫಿ ಹೀರಿದಳು.
ಒಂದು ಕಿವಿಯಷ್ಟೇ ಇತ್ತ ತಿರುಗಿತು.

ಸಂಜೆ ಬರಿಗೈಯಲ್ಲಿ ಇಳಿದವರು ಗಾಳಿಯನ್ನು ಬೈದರು.
ಅತ್ತೆಯೂ ಬೈದಳು, ಎಲ್ಲರಿಗಿಂತ ಜೋರಾಗಿ.
ಧೂಳು ಹಿಡಿದ ಬಂಪರಿನಲ್ಲಿ
ಅಂಗೈಯಗಲ ಫಳಫಳ.
ಒರಿನ್ ಅದನ್ನು ನೋಡಿದ,
ಅತ್ತೆಯನ್ನು ನೋಡಿದ,
ಜಿಂಕೆ ಎಳೆಯಲು ತಂದ ಹಗ್ಗ ಸುತ್ತಿಟ್ಟ.