ಇಪ್ಪತ್ತು ಅಡಿಯ ಮಾತು

ಬೈತಕೋಲ್ ಬಂದರಿನ ಐಸು ಪೆಟ್ಟಿಗೆಗಳಿಂದ ಹೆಕ್ಕಿ ತಂದ
ಹದಿನಾಲ್ಕು ಬಿಳಿ ಬಿಲ್ಲೆಗಳನ್ನು
ಶೇವಂತಿ ತಾಂಡೇಲ್ ನನ್ನ ಗಾಜಿನ ಮೇಜಿಗೆ ಸುರಿದಳು.
"ರಾಯ್ಕರ ಮಾಮಾ, ಎಲ್ಲ ಸತ್ತಿವೆ.
ಎರಡು ವರ್ಷ ಬಾಳುತ್ತವೆ ಅಂದಿದ್ದ ಮಾರಿದವ,
ಚೌತಿಗೆ ಹಾಕಿದ್ದು ದೀಪಾವಳಿಗಿಲ್ಲ."
ಹರಾಜು ಕೂಗಿ ಕೂಗಿ ಅವಳ ಗಂಟಲೂ ಒಡೆದಿತ್ತು.

ಬಿಲ್ಲೆಗಳಿಗೆ ಬಂಗಡೆಯ ವಾಸನೆ,
ಬೆನ್ನ ಮೇಲೆ ಉಪ್ಪಿನ ಹುಡಿ, ಇನ್ನೂ ಕೊರೆಯುವ ತಂಪು.

ನಲವತ್ತು ವರ್ಷ ಕೈಗಡಿಯಾರ ಬಿಚ್ಚಿದವ ನಾನು.
ಕೀ ಕೊಡುವ ಕಾಲ ಹೋಗಿ ನಾಣ್ಯದಂಥ ಸೆಲ್ ಬಂದಾಗ
ಅಪ್ಪ ಚಿಮಟ ಕೆಳಗಿಟ್ಟು ಹೇಳಿದ್ದ:
ಇನ್ನು ನಾವು ವೈದ್ಯರಲ್ಲ, ಔಷಧಿ ಅಂಗಡಿ.
ಆಮೇಲೆ ಗಡಿಯಾರವೇ ಫೋನಿನೊಳಗೆ ಹೋಯಿತು.
ಸೆಲ್ ಮಾತ್ರ ಉಳಿಯಿತು. ಕಾರಿನ ಕೀಲಿಗೆ,
ಸಕ್ಕರೆ ನೋಡುವ ಯಂತ್ರಕ್ಕೆ,
ಈಗ ಮೀನಿನ ಪೆಟ್ಟಿಗೆಗೆ.

ಇದರ ಕೆಲಸ ಇಷ್ಟೇ:
ಐಸಿನೊಳಗೆ ಮಲಗಿರುವುದು,
ಆಗಾಗ ಎದ್ದು ಚಳಿ ಎಷ್ಟೆಂದು ನೋಡುವುದು,
ಇಪ್ಪತ್ತು ಅಡಿಯೊಳಗೆ ಯಾರಿದ್ದರೂ ಅವರಿಗೊಮ್ಮೆ ಹೇಳಿ
ಕೇಳಿಸಿತೋ ಇಲ್ಲವೋ ಎಂದು ನಿಲ್ಲದೆ
ಮತ್ತೆ ಮಲಗುವುದು.
ಹೇಳಿ ಮುಗಿಸುವಷ್ಟರಲ್ಲಿ
ನಮ್ಮ ರೆಪ್ಪೆ ಇನ್ನೂ ಅಲುಗಿರುವುದಿಲ್ಲ.
ಆಯುಷ್ಯ ಉಳಿಯುವುದೆಲ್ಲ ನಿದ್ದೆಯಲ್ಲೇ.

ಮೊದಲನೆಯದರ ಸೆಲ್ ತೆಗೆದು
ಸಣ್ಣ ಭಾರ ಕೊಟ್ಟು ಮೀಟರು ಹಿಡಿದೆ. ಮುಳ್ಳು ಕುಸಿಯಿತು.
ಎರಡನೆಯದೂ. ಮೂರನೆಯದೂ.
ಹೊಸ ಹದಿನಾಲ್ಕಕ್ಕೆ ಎಷ್ಟು ಎಂದು ಅವಳು ಕೇಳಲಿಲ್ಲ,
ಸೆರಗಿನ ಗಂಟು ಬಿಚ್ಚತೊಡಗಿದಳು.

ಅಷ್ಟರಲ್ಲಿ ಚಹಾ ಬಂತು.
ಯಾರದೋ ಬೋಟಿನ ಇಂಜಿನ್ನು, ಡೀಸೆಲ್ಲಿನ ದರ, ಸಿಗದ ಸಿಗಡಿ,
ಮಾತು ಎಲ್ಲೆಲ್ಲೋ ಹೋಯಿತು.
ಲೋಟ ಕೆಳಗಿಟ್ಟಾಗ ಎಡಮುಷ್ಟಿಯಲ್ಲಿ ಏನೋ ಒತ್ತಿತು.
ಆ ಮೊದಲನೆಯ ಸೆಲ್, ಮೈಬಿಸಿಗೆ ಬೆಚ್ಚಗಾಗಿ.
ಸುಮ್ಮನೆ ಮೀಟರಿಗಿಟ್ಟೆ.
ಮುಳ್ಳು ಎದ್ದು ನಿಂತಿತು.

"ಸತ್ತಿಲ್ಲ ಮಾರಾಯ್ತಿ, ಥಂಡಿ ಹಿಡಿದಿದೆ!"

ಇಬ್ಬರೂ ಮುಷ್ಟಿ ಕಟ್ಟಿ ಕೂತೆವು,
ಕೋಳಿಮೊಟ್ಟೆಗೆ ಕಾವು ಕೊಡುವವರ ಹಾಗೆ.
ಒಂಬತ್ತು ಎದ್ದವು. ಐದು ನಿಜಕ್ಕೂ ಹೋಗಿದ್ದವು.

ಅವಳ ಫೋನಿನಲ್ಲಿ ನೋಡಿದರೆ
ಒಂದೊಂದೂ ಸೆಕೆಂಡಿಗೆ ಮೂರು ಸಲ ಒದರುತ್ತಿತ್ತು.
ಮಾರುವವ ಮೇಜಿನ ಮೇಲೆ ತೋರಿಸುವಾಗ
ಥಟ್ಟನೆ ಕಾಣಲೆಂದು ಇಟ್ಟದ್ದು, ತಿರುಗಿಸಲು ಮರೆತಿದ್ದ.
"ನಿಮಿಷಕ್ಕೊಮ್ಮೆ ಸಾಕಲ್ಲ?"
"ಸಾಕು ಮಾಮಾ. ನಿಮಿಷದಲ್ಲಿ ಬಂಗಡೆ ಕೊಳೆಯುವುದಿಲ್ಲ."
ಆಮೇಲೆ ತನ್ನ ಗಂಟಲು ಮುಟ್ಟಿಕೊಂಡು ನಕ್ಕಳು,
ನಗು ಸದ್ದಾಗಿ ಹೊರಗೆ ಬರಲಿಲ್ಲ.

ಐದು ಸೆಲ್ಲಿನ ದುಡ್ಡು ಎಣಿಸಿಟ್ಟು ಹೋದಳು.

ರಾತ್ರಿ ಗಾಜು ಒರೆಸುವಾಗ ನನ್ನ ಫೋನು ತೋರಿಸಿತು:
ಪೆಟ್ಟಿಗೆ ಹನ್ನೊಂದು, ಇಪ್ಪತ್ತೊಂಬತ್ತು ಡಿಗ್ರಿ.
ಹದಿಮೂರೇ ಹೋಗಿವೆ. ಇದೊಂದು
ಪಟ್ಟಿಯ ಡಬ್ಬಿಯ ಹಿಂದೆ ಉರುಳಿ
ಕಾರವಾರದ ಸೆಕೆಯನ್ನು ಅಳೆಯುತ್ತಾ ಕೂತಿದೆ.
ಸಿಕ್ಕಿತು. ಬೆಳಿಗ್ಗೆ ಕೊಡೋಣವೆಂದು ಡ್ರಾಯರಿಗೆ ಹಾಕಿದೆ.

ಶಟರು ಪೂರ್ತಿ ಎಳೆದರೆ ತಗಡು ದಾಟಿ ಕೇಳಿಸದು.
ಅರ್ಧ ಎಳೆದು, ಹೊರಗೆ ನಿಂತು,
ಇನ್ನೊಂದೇ ಸಲ ಹೇಳಲಿ ಎಂದು ಕಾಯುತ್ತೇನೆ.
ನಿಮಿಷವೆಂದರೆ ಇಷ್ಟು ಉದ್ದವೇ?
ಕದ್ರಾದ ಕೊನೆಯ ಬಸ್ಸು ಹೊರಟು ಹೋಯಿತು.