ಎಂಟು ಅಕ್ಷರ

ಮತಾಟು ಬಸ್ಸು ಹೊರಡುವುದು ನಸುಕಿನ ನಾಲ್ಕಕ್ಕೆ.
ಉಸೆಂಗೆಯಿಂದ ಕಿಸುಮುವಿಗೆ ಮೂರು ತಾಸು.
ಕಿಟಕಿ ಪಕ್ಕದ ಸೀಟು ಅಕೇಯೋಗೆ, ವಾಂತಿ ಬಂದರೆ ಎಂದು;
ನನ್ನ ತೊಡೆಯ ಮೇಲೆ ಅವಳ ಕಂಬಳಿ, ಉಗಾಲಿ ಮುದ್ದೆಯ ಡಬ್ಬಿ,
ರಬ್ಬರ್ ಹಾಕಿ ಕಟ್ಟಿದ ರಸೀದಿಗಳು.

ವಾರಕ್ಕೆರಡು ಸಲ ಯಂತ್ರದ ಖರ್ಚು ವಿಮೆಯದು
ಎಂದು ಆಸ್ಪತ್ರೆಯ ಗೋಡೆಗೆ ಬರೆದಿದೆಯಂತೆ. ನನಗೆ ಓದು ಬರದು.
ಬಸ್ಸಿನದು ಬರೆದಿಲ್ಲವೇ, ಎಂದೆ ನರ್ಸ್ ನೆಕೇಸಾಗೆ,
ರಕ್ತ ಹೆಚ್ಚಿಸುವ ಇಂಜೆಕ್ಷನ್ನಿನದು?
ವಿಮೆಯ ಕಂಪ್ಯೂಟರು ಮಲಗಿರುವ ದಿನದ್ದು?
ಅವಳು ನಕ್ಕಳು, ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ನಾನು ದೋಣಿ ಕಟ್ಟುವವ. ದುಡ್ಡು ನನ್ನ ತಲೆಗಿಳಿಯುವುದು
ಹಲಗೆಯಾಗಿಯೇ:
ಹೋಗಿ ಬರಲು ಎರಡು ಹಲಗೆ, ಇಂಜೆಕ್ಷನ್ನಿಗೆ ನಾಲ್ಕು,
ಕಂಪ್ಯೂಟರು ಮಲಗಿದರೆ ಹದಿನೇಳು.
ಹೀಗೆ ಎರಡು ವರ್ಷದಲ್ಲಿ
ಅವಳ ಎಡತೋಳಿನೊಳಗಿಂದ ಆರು ದೋಣಿ ತೇಲಿಹೋದವು.
ಒಂದಕ್ಕೂ ಮೀನು ಬೀಳಲಿಲ್ಲ.

ಅಂಗಳದಲ್ಲಿ ಕುರ್ಚಿ ಹಾಕಿ ಹರಾಂಬೆ ಚಂದಾ ಎತ್ತಿದೆವು.
ಪಾದ್ರಿ ಬಂದರು, ಮೈಕು ಬಂತು,
ಕೊಡುತ್ತೇವೆ ಎಂದವರ ಹೆಸರು ಎರಡು ಪುಟ ಬಂತು.
ಮೈಕಿನ ಬಾಡಿಗೆ ಕಳೆದು ಉಳಿದದ್ದು
ಒಂದು ಮೇಕೆಯಷ್ಟು. ಮರಿಮೇಕೆ.

ದಿನಕ್ಕೆ ಅವಳಿಗೆ ಎರಡೇ ಲೋಟ ನೀರು.
ಬಾಗಿಲು ತೆರೆದರೆ ಆಚೆ ದಡ ಕಾಣದ ಸರೋವರ.
ಮುಚ್ಚಲೇ ಎಂದರೆ ಬೇಡ ಎನ್ನುತ್ತಾಳೆ:
"ನೋಡುವುದಕ್ಕೂ ಲೋಟದ ಲೆಕ್ಕವೇನು?"

ಈ ದಡದ ದೋಣಿಗಳಿಗೆಲ್ಲ ಹೆಸರು ಬರೆದವಳು ಅವಳೇ.
ಒಡಲು ನನ್ನದು, ಹೆಸರು ಅವಳದು, ಹತ್ತೊಂಬತ್ತು ವರ್ಷ.
ಈಗ ಕುಂಚ ಹಿಡಿದರೆ ಬೆರಳು
ಮರಳಿಗೆ ಬಿದ್ದ ಒಮೆನಾ ಮೀನು.
ಒಯೂಗಿಯ ದೋಣಿ ಮುಗಿದು ನಿಂತಿತ್ತು,
ಅರ್ಧ ದುಡ್ಡು ಬಾಕಿ, ಎರಡು ತಿಂಗಳಿನಿಂದ ನಾಳೆ ನಾಳೆ.
"ನಮ್ಮಮ್ಮನ ಹೆಸರು ಬರೆದುಬಿಡಿ, ಆಮೇಲೆ ನೋಡೋಣ"
ಎಂದು ಪೇಟೆಗೆ ಹೋದ.

"ನೀನೇ ಬರೆ" ಎಂದಳು.
ಚಾಪೆ ಹಾಸಿ ದೋಣಿಯ ನೆರಳಲ್ಲಿ ಮಲಗಿಸಿದೆ.
"ಒಂದು ಗೂಟ. ಗೂಟದ ತಲೆಗೊಂದು ಹೊಟ್ಟೆ.
ಮೂರು ಹಲ್ಲಿನ ಬಾಚಣಿಗೆ.
ಹಾವು. ತಲೆ ಬಲಕ್ಕೆ ಮಾರಾಯ, ಎಡಕ್ಕಲ್ಲ.
ಗುಡಿಸಲ ಮಾಡು, ನಡುವೆ ಅಡ್ಡಗೋಲು.
ಒಂದು ಗೇಣು ಜಾಗ ಬಿಡು.
ಎರಡು ಹೊಟ್ಟೆಯ ಗೂಟ. ಇನ್ನೊಂದು ಮಾಡು.
ಈಗ ಒಂದೇ ಹೊಟ್ಟೆ, ದೊಡ್ಡದು, ಒಯೂಗಿಯದರ ಹಾಗೆ.
ಕೊನೆಗೆ ಬಲೆಯ ಉಂಗುರ."
ನೀಲಿ ಬಣ್ಣ ನನ್ನ ಮೊಣಕೈವರೆಗೆ.
ನಡುನಡುವೆ ಅವಳು ಕಣ್ಣು ಮುಚ್ಚಿದಾಗಲೆಲ್ಲ
ಉಸಿರು ನೋಡಿ ಮುಂದಿನ ಗೀಟೆಳೆದೆ.

ಮಾರನೆಯ ಬೆಳಗ್ಗೆ ದಡವೇ ನಗುತ್ತಿತ್ತು.
ಮೀನು ಹರಡುವ ಹೆಂಗಸರು ಸೆರಗಿಗೆ ಬಾಯೊರೆಸಿಕೊಂಡು ನಕ್ಕರು.
ಶಾಲೆಗೆ ಹೊರಟ ಹುಡುಗನೊಬ್ಬ ನನಗೆ ಓದಿ ಹೇಳಿದ:
ಪೇಸಾ ಬಾಡೋ.
ದುಡ್ಡಿನ್ನೂ ಬಂದಿಲ್ಲ.

ಒಯೂಗಿ ಸಂಜೆಯೊಳಗೆ ತಂದು ಕೊಟ್ಟ, ಎಣಿಸದೆ,
ಯಾರ ಮುಖವನ್ನೂ ನೋಡದೆ. ಮೂವತ್ತೆಂಟು ಹಲಗೆ.
ಅದರ ಮೇಲೆ ಅವನ ತಾಯಿಯ ಹೆಸರು ಬರೆದೆವು,
ಆದರೂ ಅಲೆ ತಾಗಿ ಒದ್ದೆಯಾದಾಗ
ಅಡಿಯಿಂದ ಎಂಟು ನೀಲಿ ಅಕ್ಷರ ಮೇಲೇಳುತ್ತವೆ.
ಅದಕ್ಕೆ ನಾನು ಜವಾಬ್ದಾರನಲ್ಲ.

ರಾತ್ರಿ, ಡಾಕ್ಟರು ನರಕ್ಕೆ ನರ ಹೊಲಿದ ಆ ತೋಳಿಗೆ
ಕಿವಿಯಿಟ್ಟು ಮಲಗುತ್ತೇನೆ. ಚರ್ಮದ ಕೆಳಗೆ ಗುಂಯ್ ಎನ್ನುತ್ತದೆ,
ಯಾರದೋ ದೋಣಿಯ ಮೋಟಾರು, ಬಲು ದೂರದಲ್ಲಿ.
"ಓಡ್ತಿದೆಯಾ?" ಕೇಳುತ್ತಾಳೆ.
"ಓಡ್ತಿದೆ."
"ಹಾಗಾದರೆ ಅಲಾರಾಂ ಇಡು. ಮೂರಕ್ಕಲ್ಲ,
ಎರಡೂವರೆಗೆ. ನೀನು ಎರಡು ಸಲ ಆರಿಸುತ್ತೀಯ."