ಪುಟ್ಟ ಬ್ಯಾಟರಿ

ಕಾಲಿಗೆ ಪ್ಲಾಸ್ಟರು; ಆರು ವಾರ ಕಾರು ಶೆಡ್ಡಲ್ಲೇ.
ಹೊಟ್ಟೆಯಡಿಯ ದೊಡ್ಡ ಬ್ಯಾಟರಿಯಲ್ಲಿ
ತೀರ್ಥಹಳ್ಳಿಯಿಂದ ಆಗುಂಬೆಗೆ ಮೂರು ಸಲ ಹೋಗಿಬರುವಷ್ಟಿದೆ.
ಇದ್ದೇನು? ಕಳೆದ ಸಲ ಬಾಗಿಲೇ ತೆಗೆಯಲಿಲ್ಲ.
ಬಾನೆಟ್ಟಿನ ಮೂಲೆಯ ಪುಟ್ಟದ್ದು ಕಣ್ಮುಚ್ಚಿತ್ತು,
ದೊಡ್ಡದನ್ನು ಎಬ್ಬಿಸುವವರಿಲ್ಲ.

“ಕೆಂಪು ಮೊದಲು, ಇನಾಸಣ್ಣ.
ಕರಿಯದು ಅಲ್ಲಲ್ಲ, ಆಚೆ ಬೋಲ್ಟಿಗೆ.
ಸ್ವಿಚ್ಚು ಕೊನೆಗೆ.”
ಕುರ್ಚಿಯಿಂದಲೇ ನನ್ನ ಡಾಕ್ಟರಿಕೆ.

ಎಮ್ಮೆಯ ಕತ್ತಿನಲ್ಲಿ ನರ ಒತ್ತಿ ಹಿಡಿದು
ಇಪ್ಪತ್ತು ವರ್ಷ ನನ್ನ ಪಕ್ಕ ಬಾಟಲಿ ಎತ್ತಿದ ಕೈ
ಕ್ಲಿಪ್ಪು ಕಚ್ಚಿಸಿತು.
ಅಭ್ಯಾಸ ಬಿಡಲಾರದೆ
ಬಾನೆಟ್ಟಿನಂಚು ಸವರಿತು: ಹೋ, ಹೋ, ಏನಿಲ್ಲ.

ಹಸಿರು ದೀಪ ಮಿಣುಕಿತು.
“ಎಷ್ಟು ಹೊತ್ತು ಇಡೋದು, ಡಾಕ್ಟ್ರಮ್ಮ?”
“ತೆಗೀಬೇಡ. ಸಾಕಾದಾಗ ತಾನೇ ನಿಲ್ಲಿಸುತ್ತೆ,
ಬೇಕಾದಾಗ ತಾನೇ ಕುಡಿಯುತ್ತೆ.”

ನಂಬಲಿಲ್ಲ ಅವನು.
ಸ್ಟೂಲು ಎಳೆದುಕೊಂಡು ಕೂತ,
ಕಾಣದ ಹನಿಗಳನ್ನು ಎಣಿಸುತ್ತ.